ಬೆಲ್ಟ್ ಎಣಿಸಿ ಕುಸ್ತಿ ಅಳೆಯಬಹುದೇ?

ದಾವಣಗೆರೆಯ ಓದುಗರೊಬ್ಬರ ಪತ್ರ, ಸಂಕ್ಷಿಪ್ತವಾಗಿ: "ಟೀವಿಯಲ್ಲಿ ಅಸುಕಾ, ಇಯೋ ಸ್ಕೈ ಇಬ್ಬರನ್ನೂ ನೋಡಿ ಜಪಾನಿನ ಮಹಿಳಾ ರೆಸ್ಲಿಂಗ್‌ನ ಹುಚ್ಚು ಹಿಡಿದಿದೆ. ಗೆದ್ದ ಬೆಲ್ಟ್, ಬೆಲ್ಟ್ ಕೈಯಲ್ಲಿದ್ದ ದಿನ, ವಿಮರ್ಶಕರು ಕೊಟ್ಟ ನಕ್ಷತ್ರ, ವೃತ್ತಿಯ ವರ್ಷ ಇವಕ್ಕೆಲ್ಲ ಅಂಕ ಹಾಕಿ ಒಂದು ಪಟ್ಟಿ ಮಾಡಿದ್ದೇನೆ. ಮನಾಮಿ ತೊಯೋತಾ ಮೊದಲು, ಅಸುಕಾ ಎರಡು, ಆಜಾ ಕಾಂಗ್ ಏಳು, ಚಿಗುಸಾ ನಗಾಯೊ ಹನ್ನೊಂದು. ಗೆಳೆಯ ನಗುತ್ತಾನೆ, ಮೊದಲೇ ಫಿಕ್ಸ್ ಆಗಿರುವ ಆಟದಲ್ಲಿ ಯಾರು ದೊಡ್ಡವರು ಅಂತ ಅಳೆಯೋದೇನು ಬಂತು ಎನ್ನುತ್ತಾನೆ. ನನ್ನ ಪಟ್ಟಿ ಸರಿಯೇ?"

ಮೊದಲು ನಿಮ್ಮ ಗೆಳೆಯರ ಮಾತು ಮುಗಿಸಿಬಿಡೋಣ. ಕೀಚಕ ವಧೆ ಪ್ರಸಂಗದಲ್ಲಿ ಕೀಚಕ ಸಾಯುತ್ತಾನೆಂಬುದು ಚೌಕಿಯಿಂದ ಹಿಡಿದು ಕೊನೇ ಸಾಲಿನಲ್ಲಿ ಕಡಲೆಕಾಯಿ ಮಾರುವವನವರೆಗೆ ಎಲ್ಲರಿಗೂ ಗೊತ್ತು. ಆದರೂ ಆ ದಿನ ಕೀಚಕ ಯಾರು, ಭೀಮ ಯಾರು ಎಂದು ಕೇಳಿಕೊಂಡೇ ಜನ ಆಟಕ್ಕೆ ಹೋಗುತ್ತಾರೆ. ಫಲಿತಾಂಶ ನಿಗದಿಯಾಗಿದ್ದರೂ ಇಪ್ಪತ್ತು ನಿಮಿಷ ಮೈ ಎತ್ತಿ ಒಗೆಯುವುದು, ಒಗೆಸಿಕೊಳ್ಳುವುದು ನಿಜ. ಅದನ್ನು ಅಳೆಯಬಹುದು. ನಿಮ್ಮ ನಾಲ್ಕು ಕಾಲಂಗಳು ಅಳೆಯುವುದು ಮಾತ್ರ ಬೇರೆ ಏನನ್ನೋ.

ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ತೆಗೆದುಕೊಳ್ಳಿ. ಜಪಾನಿನಲ್ಲಿ ದಶಕಗಳ ಕಾಲ ಎಲ್ಲಕ್ಕಿಂತ ಮೇಲೆ ಇದ್ದದ್ದು ಆಲ್ ಜಪಾನ್ ವಿಮೆನ್ಸ್ ಕಂಪನಿಯ ಡಬ್ಲ್ಯೂಡಬ್ಲ್ಯೂಡಬ್ಲ್ಯೂಎ ಪಟ್ಟ, ಅಭಿಮಾನಿಗಳ ಬಾಯಲ್ಲಿ 'ಕೆಂಪು ಬೆಲ್ಟ್'. 1968ರಲ್ಲಿ ಮತ್ಸುನಾಗಾ ಸಹೋದರರು ಕಟ್ಟಿ 2005ರಲ್ಲಿ ಮುಚ್ಚಿದ ಈ ಕಂಪನಿಯನ್ನು ಜಪಾನೀಯರು ಝೆನ್‌ಜೋ ಎನ್ನುತ್ತಾರೆ. ಬುಲ್ ನಕಾನೊ ಈ ಬೆಲ್ಟನ್ನು ಗೆದ್ದದ್ದು ಒಂದೇ ಸಲ, 1990ರ ಜನವರಿ 4ರಂದು. ಬಿಟ್ಟುಕೊಟ್ಟದ್ದು 1992ರ ನವೆಂಬರ್ 26ರಂದು, ಅಂದರೆ 1,057 ದಿನಗಳ ಮೇಲೆ. ಅವರಿಂದ ಪಡೆದ ಆಜಾ ಕಾಂಗ್ 850 ದಿನ ಇಟ್ಟುಕೊಂಡು, 1995ರ ಮಾರ್ಚ್ 26ರಂದು ತೊಯೋತಾಗೆ ಸೋತರು. ತೊಯೋತಾ ಒಟ್ಟು ನಾಲ್ಕು ಸಲ ಗೆದ್ದರು. ನಿಮ್ಮ ಲೆಕ್ಕದಲ್ಲಿ ಗೆಲುವಿನ ಕಾಲಂನಲ್ಲಿ ಬುಲ್ ಕಾಲು ತೊಯೋತಾ ಆಗುತ್ತಾರೆ, ದಿನದ ಕಾಲಂನಲ್ಲಿ ಮತ್ತೆ ದೊಡ್ಡವರಾಗುತ್ತಾರೆ. ಎರಡನ್ನೂ ಕೂಡಿಸಿದರೆ ಸಿಗುವುದು ಕಂಪನಿಯ ವ್ಯಾಪಾರದ ಚರಿತ್ರೆ. ಅಸುಕಾ ಅಮೆರಿಕದಲ್ಲಿ 914 ದಿನ ಸೋಲದೇ ಇದ್ದದ್ದೂ ಇದೇ ಜಾತಿಯದು. ಅಷ್ಟು ದಿನ ಒಬ್ಬರನ್ನು ನಂಬಿ ಕಥೆ ಬರೆದರು ಎನ್ನುವುದೇ ಗೌರವ, ಸರಿ. ಆದರೆ ಅದು ಕೈಚಳಕದ ಅಳತೆಯಲ್ಲ.

ವೃತ್ತಿಯ ವರ್ಷದ ಕಾಲಂ ಇನ್ನೂ ಅನ್ಯಾಯ ಮಾಡುತ್ತದೆ. ಝೆನ್‌ಜೋದಲ್ಲಿ ಬರಹದಲ್ಲಿಲ್ಲದ ಒಂದು ಕಟ್ಟಳೆ ಇತ್ತು: ಇಪ್ಪತ್ತೈದಾದರೆ ಮನೆಗೆ. ಕುಡಿತ, ಸಿಗರೇಟು, ಗಂಡಸರ ಸಂಗ ಮೂರೂ ನಿಷಿದ್ಧ. ಚಿಗುಸಾ ನಗಾಯೊ 1980ರಲ್ಲಿ ರಿಂಗಿಗೆ ಇಳಿದು 1989ರ ಮೇನಲ್ಲಿ ನಿವೃತ್ತರಾದಾಗ ವಯಸ್ಸು 24. ಅವರ ಜೋಡಿ ಲಯನೆಸ್ ಅಸುಕಾ ಅದೇ ವರ್ಷ ಹೊರಟರು. ಅವರಿಗಿಂತ ಹಿರಿಯರಾದ, ಆ ಕಾಲದ ಅತ್ಯಂತ ಚುರುಕಿನ ಕುಸ್ತಿಗಾರ್ತಿ ಜಾಗ್ವಾರ್ ಯೊಕೊತಾ 1986ರಲ್ಲಿ ಭುಜದ ಪೆಟ್ಟಿನಿಂದ ನಿಂತಾಗಲೂ 24. ತೊಂಬತ್ತರ ದಶಕದಲ್ಲಿ ಕಟ್ಟಳೆ ಸಡಿಲವಾಯಿತು. ಹಾಗಾಗಿ 1971ರಲ್ಲಿ ಹುಟ್ಟಿದ ತೊಯೋತಾ 1987ರಿಂದ 2017ರವರೆಗೆ ಆಡಿದರು. ಮೆಯಿಕೊ ಸತೊಮುರಾ 15ನೇ ವಯಸ್ಸಿನಲ್ಲಿ, 1995ರ ಏಪ್ರಿಲ್‌ನಲ್ಲಿ ಶುರು ಮಾಡಿ 2025ರ ಏಪ್ರಿಲ್ 29ರಂದು ನಿಲ್ಲಿಸಿದರು. ಮೂವತ್ತು ವರ್ಷ! ಏಳೋ ಹದಿನೈದೋ ವರ್ಷ ಮೊದಲು ಹುಟ್ಟಿದ್ದಕ್ಕೆ ಚಿಗುಸಾಗೆ ಅಂಕ ಕಳೆಯುವುದು ಯಾವ ನ್ಯಾಯ? ಎಂಬತ್ತರ ದಶಕದಲ್ಲಿ ಝೆನ್‌ಜೋ ಹುಡುಗಿಯರು ಬಸ್ಸಿನಲ್ಲಿ ಊರೂರು ಸುತ್ತಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಪಂದ್ಯ ಆಡುತ್ತಿದ್ದರು ಎನ್ನುವುದನ್ನೂ ಆ ಕಾಲಂ ಹೇಳುವುದಿಲ್ಲ.

ನಕ್ಷತ್ರದ ಕಾಲಂ ಬಗ್ಗೆ ಒಂದೇ ಮಾತು. ಐದು ನಕ್ಷತ್ರ ಕೊಟ್ಟವರು ಅಮೆರಿಕದ ಡೇವ್ ಮೆಲ್ಟ್ಜರ್. ತೊಂಬತ್ತರ ದಶಕದ ಅಭಿಮಾನಿಗಳ ನಡುವೆ ಕೈಯಿಂದ ಕೈಗೆ ಓಡಾಡಿದ ವಿಡಿಯೊ ಕ್ಯಾಸೆಟ್‌ಗಳ ಲೋಕ ಅದು. ವೇಗ, ಎತ್ತರದ ಹಾರಾಟ, ಒಂದರ ಮೇಲೊಂದು ಬೀಳುವ, ಎದುರಾಳಿಯನ್ನು ಎತ್ತಿ ಹಿಂದಕ್ಕೆ ಒಗೆಯುವ ಸುಪ್ಲೆಕ್ಸ್‌ಗಳಿಗೆ ಅಲ್ಲಿ ಬೆಲೆ ಹೆಚ್ಚು. 1985ರ ಆಗಸ್ಟ್ 28ರಂದು ಓಸಾಕಾ-ಜೋ ಹಾಲ್‌ನಲ್ಲಿ ಡಂಪ್ ಮತ್ಸುಮೊತೊ ಎದುರು ಸೋತು ಚಿಗುಸಾ ತಲೆ ಬೋಳಿಸಿಕೊಂಡ ಪಂದ್ಯವನ್ನು ಅದೇ ತಕ್ಕಡಿಯಲ್ಲಿ ತೂಗಿದರೆ ಹಗುರವೇ. ಅಲ್ಲಿ ಪಟ್ಟುಗಳು ಕಡಿಮೆ, ಕತ್ತರಿ, ಸರಪಳಿ, ರಕ್ತ ಹೆಚ್ಚು. ಸಭಾಂಗಣ ತುಂಬಿದ್ದ ಶಾಲಾ ಹುಡುಗಿಯರು ಮಾತ್ರ ತಮ್ಮದೇ ಕೂದಲು ಹೋದಂತೆ ಅತ್ತಿದ್ದರು. ಇಷ್ಟು ಜನರನ್ನು ಅಳಿಸುವುದು ಪಟ್ಟಲ್ಲವೇ? ಮಾರನೇ ವರ್ಷ ನವೆಂಬರ್‌ನಲ್ಲಿ ಡಂಪ್ ತಲೆ ಬೋಳಾಯಿತು ಅನ್ನಿ.

ಹಾಗಾದರೆ ನೋಡುವುದು ಏನನ್ನು? ಮೊದಲು ಬೀಳುವುದನ್ನು.

ಜಪಾನೀಯರ ಡೋಜೋದಲ್ಲಿ, ಅಂದರೆ ಗರಡಿಯಲ್ಲಿ, ತಿಂಗಳುಗಟ್ಟಲೆ ಕಲಿಸುವುದು ಉಕೆಮಿ, ಅಂದರೆ ಪೆಟ್ಟು ತಾಗದಂತೆ ಬೀಳುವ ಕ್ರಮ. ರಿಂಗಿನ ನೆಲ ಮೆತ್ತೆಯಲ್ಲ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ, ತೆಳ್ಳಗಿನ ಹಾಸು, ಮೇಲೆ ಬಿಗಿದ ಕ್ಯಾನ್ವಾಸ್, ಅಷ್ಟೆ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿರಬೇಕು, ಉಸಿರು ಹೊರಗೆ ಬಿಡಬೇಕು. ಎರಡೂ ಹೆಗಲ ಹಲಗೆಗಳು ಒಟ್ಟಿಗೆ ನೆಲ ಮುಟ್ಟಬೇಕು. ಅದೇ ಕ್ಷಣದಲ್ಲಿ ಮೈಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಚಾಚಿದ ತೋಳು, ಅಂಗೈ ಸಮೇತ ನೆಲಕ್ಕೆ ಬಡಿಯಬೇಕು. ಗದ್ದ ಎತ್ತಿದರೆ ತಲೆಯ ಹಿಂಭಾಗಕ್ಕೆ ಏಟು. ಭಯದಿಂದ ಕೈ ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಯಿತು. ಹೊಸಬರು ಈ ಎರಡು ತಪ್ಪು ಮಾಡುತ್ತಾರೆ. ಪಳಗಿದವರೂ ಇಪ್ಪತ್ತನೇ ನಿಮಿಷದ ನಂತರ ಮೊದಲನೆಯದನ್ನು ಮಾಡುತ್ತಾರೆ, ಏಕೆಂದರೆ ಮೊದಲು ಸೋಲುವುದು ಕತ್ತಿನ ಸ್ನಾಯು. 1997ರ ಆಗಸ್ಟ್‌ನಲ್ಲಿ ಹಿರೋಶಿಮಾದ ಪಂದ್ಯದಲ್ಲಿ ಬಿದ್ದ ಪ್ಲಮ್ ಮರಿಕೊ ಮಾರನೇ ದಿನ ತೀರಿಕೊಂಡರು. ತಲೆಗೆ ಅದಕ್ಕೂ ಮುಂಚೆ ಹಲವು ಸಲ ಪೆಟ್ಟು ಬಿದ್ದಿತ್ತು. ಆದ್ದರಿಂದ ಕತ್ತು ಮುರಿದರೂ ಪಂದ್ಯ ಮುಗಿಸಿದ ಅಕಿರಾ ಹೊಕುತೊ ಕಥೆಯನ್ನು, ಅದು ನಿಜವೇ ಆದರೂ, 'ಧೈರ್ಯ' ಎಂಬ ಕಾಲಂಗೆ ಸೇರಿಸಿ ಅಂಕ ಕೊಡಬೇಡಿ. 1987ರ ಏಪ್ರಿಲ್‌ನಲ್ಲಿ ಎರಡನೇ ಹಗ್ಗದ ಮೇಲಿಂದ ತಲೆಕೆಳಗಾಗಿ ಹೊಡೆಸಿಕೊಂಡು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೇ ಅವರು ಉಳಿದ ಆಟ ಆಡಿದರು. ನಿಲ್ಲಿಸಬೇಕಿದ್ದ ಪಂದ್ಯ ಅದು. ಹೊಕುತೊ ದೊಡ್ಡವರಾಗುವುದು 1993ರ ಏಪ್ರಿಲ್ 2ರಂದು ಯೊಕೊಹಾಮಾ ಅರೆನಾದಲ್ಲಿ ಶಿನೊಬು ಕಂದೊರಿ ಎದುರು ಆಡಿದ ಪಂದ್ಯದಿಂದ. ಕಂದೊರಿ 1984ರ ವಿಶ್ವ ಜೂಡೊದಲ್ಲಿ ಕಂಚು ಗೆದ್ದವರು, ಹಾರುವವರಲ್ಲ. ನೆಲದ ಮೇಲೆ ತೋಳು ತಿರುಚುವ ಅವರ ಆಟಕ್ಕೆ ಹೊಕುತೊ ನೋವನ್ನೇ ಕಥೆಯಾಗಿಸಿ ಮೂವತ್ತು ನಿಮಿಷ ಎಳೆದರು.

ಈಗ ನಿಮ್ಮ ಮೊದಲ ಸ್ಥಾನಕ್ಕೆ ಬನ್ನಿ. ತೊಯೋತಾ ಅವರ ಜಾಪನೀಸ್ ಓಶನ್ ಸುಪ್ಲೆಕ್ಸನ್ನು ನಿಧಾನಗತಿಯಲ್ಲಿ ನೋಡಿ. ಮಾಮೂಲಿ ಜರ್ಮನ್ ಸುಪ್ಲೆಕ್ಸ್‌ನಲ್ಲಿ ಹಿಂದಿನಿಂದ ಸೊಂಟ ಹಿಡಿದು ಎತ್ತಿ, ಬೆನ್ನು ಕಮಾನು ಮಾಡಿ ಹಿಂದಕ್ಕೆ ಒಗೆಯುವುದು. ಎತ್ತುವವರ ಸೊಂಟ ಎದುರಾಳಿಯ ಭಾರದ ಕೆಳಗೆ ಹೋದ ಮೇಲೆಯೇ ಕಾಲು ಒತ್ತಬೇಕು. ಬೇಗ ಬಿದ್ದರೆ ಎದುರಾಳಿ ನೆತ್ತಿಯ ಮೇಲೆ ಇಳಿಯುತ್ತಾರೆ. ತೊಯೋತಾ ಸೊಂಟ ಹಿಡಿಯುವುದಿಲ್ಲ. ಎದುರಾಳಿಯ ಎರಡೂ ಕೈಗಳನ್ನು ಅವರದೇ ಹೊಟ್ಟೆಯ ಮುಂದೆ ಅಡ್ಡಡ್ಡ ಹೆಣೆದು ಹಿಂದಿನಿಂದ ಮಣಿಕಟ್ಟು ಎಳೆದು ಹಿಡಿಯುತ್ತಾರೆ. ಅಂದರೆ ಬೀಳುವವರಿಗೆ ನೆಲಕ್ಕೆ ಬಡಿಯಲು ಕೈಯೇ ಇಲ್ಲ. ಗದ್ದ ಮತ್ತು ಹೆಗಲಷ್ಟೇ ಉಳಿದದ್ದು. ಇನ್ನು ಸೈಕ್ಲೋನ್ ಎಂಬ ಅದರ ಅಣ್ಣ: ಎದುರಾಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೈ ಹೆಣೆದು, ಆ ಎತ್ತರದಿಂದ ಹಿಂದಕ್ಕೆ. ಬಿದ್ದ ಮೇಲೆ ತೊಯೋತಾ ಕಾಲ್ಬೆರಳು ಮತ್ತು ತಲೆಯ ಮೇಲೆ ಸೇತುವೆಯಂತೆ ನಿಂತು ಮೂರು ಎಣಿಸುವವರೆಗೆ ಕುಸಿಯಬಾರದು. ಕುಸಿದರೆ ಎದುರಾಳಿಯ ಹೆಗಲು ಮೇಲೇಳುತ್ತದೆ, ಪಿನ್, ಅಂದರೆ ಹೆಗಲು ನೆಲಕ್ಕೆ ಒತ್ತಿ ಹಿಡಿದು ಗೆಲ್ಲುವುದು, ಸತ್ತಿತು. ಇಪ್ಪತ್ತೈದನೇ ನಿಮಿಷದಲ್ಲೂ ಅವರ ಸೇತುವೆ ಮೊದಲನೇ ನಿಮಿಷದಷ್ಟೇ ಎತ್ತರ. ಈ ವಿಷಯದಲ್ಲಿ ಅವರ ಸರಿಸಾಟಿ ಯಾರೂ ಇಲ್ಲ. ನಿಮ್ಮ ಪಟ್ಟಿ ತಪ್ಪಿದರೂ ಇಲ್ಲಿ ಸರಿ.

ಆದರೆ ಆ ಪಟ್ಟು ಸುಂದರವಾಗಿ ಕಂಡದ್ದರಲ್ಲಿ ಅರ್ಧ ಪಾಲು ಬಿದ್ದವರದು. ಕ್ಯೋಕೊ ಇನೊಯೆ, ತೊಶಿಯೊ ಯಮಾದಾ ಕೈ ಕಟ್ಟಿಸಿಕೊಂಡು ಮತ್ತೆ ಮತ್ತೆ ಬೀಳಬಲ್ಲವರಾಗಿದ್ದರು ಅಂತಲೇ ತೊಯೋತಾ ಆ ವೇಗದಲ್ಲಿ ಒಗೆಯಬಲ್ಲವರಾದರು. ಅವರ ಕೊರತೆಯನ್ನೂ ಹೇಳಬೇಕು: ಹತ್ತು ನಿಮಿಷ ಮಂಡಿ ತಿರುಚಿಸಿಕೊಂಡು ಚೀರಿದವರು, ಮುಂದಿನ ಗಳಿಗೆಯಲ್ಲಿ ಅದೇ ಮಂಡಿಯ ಮೇಲೆ ಓಡಿ ಹಗ್ಗ ಹತ್ತಿಬಿಡುತ್ತಾರೆ. ಎದುರಾಳಿ ಅಷ್ಟು ಹೊತ್ತು ಮಾಡಿದ ಕೆಲಸ ನೀರಿಗೆ ಹೋಯಿತು.

ಇಯೋ ಸ್ಕೈ ಬಗ್ಗೆ ಕೇಳಿದ್ದೀರಿ. ಮೂನ್‌ಸಾಲ್ಟ್‌ನಲ್ಲಿ ಈಗ ಅವರೇ ಮಾದರಿ. ಹಗ್ಗದ ಮೇಲಿಂದ ಹಿಮ್ಮುಖ ಪಲ್ಟಿ ಹೊಡೆದು ಮಲಗಿದವರ ಮೇಲೆ ಬೀಳುವ ಪಟ್ಟು ಅದು. ಮೂಲೆಯ ಕಂಬದ ಮೇಲಿನ ಹಗ್ಗದಲ್ಲಿ ಬೆನ್ನು ತಿರುಗಿಸಿ ನಿಂತು, ಹಿಂದಕ್ಕೆ ಬೀಳದೆ ಮೊದಲು ಮೇಲಕ್ಕೆ ಜಿಗಿಯುತ್ತಾರೆ, ಆಮೇಲೆ ತಿರುಗುತ್ತಾರೆ. ಇಳಿಯುವಾಗ ಮೈ ಅಡ್ಡಲಾಗಿ ನೇರ. ಮೊದಲು ಮಂಡಿ, ಕಾಲ್ಬೆರಳು, ಮುಂಗೈ ಎದುರಾಳಿಯ ಅಕ್ಕಪಕ್ಕದ ನೆಲ ಮುಟ್ಟಿ ಭಾರ ಹೊರುತ್ತವೆ, ಹೊಟ್ಟೆ ಮಾತ್ರ ಹೊಟ್ಟೆಗೆ ತಾಗುತ್ತದೆ. ಜಿಗಿತ ಕಡಿಮೆಯಾದರೆ ಮಂಡಿ ಪಕ್ಕೆಲುಬಿಗೆ ಇಳಿಯುತ್ತದೆ. ಕೆಳಗೆ ಮಲಗಿರುವವರಿಗೂ ಕೆಲಸವಿದೆ: ಮೂಲೆಯಿಂದ ಸರಿಯಾದ ದೂರಕ್ಕೆ ಗೊತ್ತಾಗದಂತೆ ಜರುಗಬೇಕು, ಮುಖ ಒಂದು ಪಕ್ಕಕ್ಕೆ ಹೊರಳಿಸಬೇಕು, ಅಂಗೈ ಎದೆಮಟ್ಟಕ್ಕೆ ತರಬೇಕು. ಇಯೋ 2007ರಲ್ಲೇ ಶುರು ಮಾಡಿ, 2011ರಿಂದ ಜಪಾನಿನ ಸ್ಟಾರ್ಡಂ ಕಂಪನಿಯಲ್ಲಿ ಪಳಗಿ, 2018ರಲ್ಲಿ ಅಮೆರಿಕಕ್ಕೆ ಹೋದವರು. ಅಲ್ಲಿನ ಟೀವಿಯಲ್ಲಿ ಜಾಹೀರಾತಿನ ನಡುವೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಆದ್ದರಿಂದ ಅವರನ್ನು ಅಳೆಯಬೇಕಾದರೆ ಸ್ಟಾರ್ಡಂ ಕಾಲದ ಪಂದ್ಯಗಳನ್ನೂ ನೋಡಿ. ಅಸುಕಾಗೂ ಅದೇ ಮಾತು. 2004ರಲ್ಲಿ ಆರಂಭಿಸಿ, ಮೂತ್ರಪಿಂಡದ ಕಾಯಿಲೆಯಿಂದ 2006ರಲ್ಲಿ ನಿಲ್ಲಿಸಿ, ಮರುವರ್ಷ ಕಾನಾ ಎಂಬ ಹೆಸರಲ್ಲೇ ಮರಳಿ, ಯಾವ ಕಂಪನಿಗೂ ಕಟ್ಟಿಕೊಳ್ಳದೆ ಆಡಿದ ವರ್ಷಗಳಲ್ಲಿ ಅವರ ಒದೆತ, ಕುತ್ತಿಗೆ ಪಟ್ಟು ಇನ್ನೂ ಹರಿತವಾಗಿವೆ.

ಒದೆತ ಎಂದಾಗ ಸತೊಮುರಾ. ಪಾದದ ಮೇಲ್ಭಾಗದಿಂದ ಒದ್ದರೆ ಸದ್ದು ಬರುತ್ತದೆ, ಸಣ್ಣ ಮೂಳೆಗಳೂ ಮುರಿಯುತ್ತವೆ. ಅವರು ಮೊಣಕಾಲ ಕೆಳಗಿನ ಮೂಳೆಯನ್ನು ಎದುರಾಳಿಯ ಎದೆಯ ಮೇಲ್ಭಾಗಕ್ಕೆ ಚಪ್ಪಟೆಯಾಗಿ ಕೂರಿಸುತ್ತಾರೆ. ಟೋಕಿಯೊದ ಕೊರಾಕುಎನ್ ಹಾಲ್‌ನಲ್ಲಿ ಜನ ಹಿಡಿಯುವುದು ಎರಡು ಸಾವಿರದ ಆಸುಪಾಸು, ರಿಂಗು ಕೈಗೆಟುಕುವಷ್ಟು ಹತ್ತಿರ. ಅಲ್ಲಿ ಸುಳ್ಳು ಏಟು ನಡೆಯುವುದಿಲ್ಲ. ಸತೊಮುರಾ ಒಂದೂ ಪಟ್ಟು ವ್ಯರ್ಥ ಮಾಡುವುದಿಲ್ಲ. ಮೊದಲ ಐದು ನಿಮಿಷ ಕೈ ಹಿಡಿದದ್ದಕ್ಕೆ ಕೊನೆಯ ಐದು ನಿಮಿಷದಲ್ಲಿ ಲೆಕ್ಕ ತೀರುತ್ತದೆ. ಸೆಂದಾಯ್ ನಗರದಲ್ಲಿ ತಮ್ಮದೇ ಕಂಪನಿ ಕಟ್ಟಿ 2006ರಿಂದ ನಡೆಸಿ, ಚಿಹಿರೊ ಹಶಿಮೊತೊ ಅಂಥವರನ್ನು ತಯಾರು ಮಾಡಿದ್ದೂ ವೃತ್ತಿಯ ಲೆಕ್ಕಕ್ಕೆ ಬರಬೇಕು. ಹಾಗೆ ಬಂದರೆ 1995ರಲ್ಲಿ ಗಾಯಿಯಾ ಕಂಪನಿ ಆರಂಭಿಸಿ ಇದೇ ಸತೊಮುರಾರನ್ನು ರಿಂಗಿಗೆ ತಂದ ಚಿಗುಸಾ ಹನ್ನೊಂದರಲ್ಲಿ ಉಳಿಯುವುದಿಲ್ಲ.

ಒಬ್ಬರನ್ನೇ ಹೇಳಿ ಎಂದರೆ ನಾನು ನಿಮ್ಮ ಏಳನೆಯವರನ್ನು ಹೇಳುತ್ತೇನೆ. ಈ ಕಸುಬಿನಲ್ಲಿ ಜಾಣ್ಮೆ ಎರಡು ಮೈಗಳ ನಡುವೆ ಇರುವುದರಿಂದ, ಯಾರ ಎದುರು ಆಡಿದಾಗ ಉಳಿದವರು ತಮ್ಮ ಅತ್ಯುತ್ತಮ ಪಂದ್ಯ ಆಡಿದರು ಎಂಬುದು ನನ್ನ ಅಳತೆ. ಬುಲ್ ನಕಾನೊ ಎಂದೊಡನೆ ನೆನಪಾಗುವುದು 1990ರ ನವೆಂಬರ್ 14ರ ಯೊಕೊಹಾಮಾ ಪಂಜರದ ಪಂದ್ಯ, ಪಂಜರದ ತುದಿಯಿಂದ ಕಾಲು ಚಾಚಿ ಹಾರಿದ ಆ ಒಂದು ಹಾರಾಟ. ಕೆಳಗೆ ಮಲಗಿದ್ದವರು ಆಜಾ ಕಾಂಗ್. ತೊಯೋತಾ ಮೊದಲ ಸಲ ಕೆಂಪು ಬೆಲ್ಟ್ ಗೆದ್ದದ್ದು ಆಜಾ ಎದುರು. ಸತೊಮುರಾರ ಕೊನೆಯ ಪಂದ್ಯದಲ್ಲಿ ಎದುರು ಬದಿಯಲ್ಲಿದ್ದವರೂ ಆಜಾ. ಹೀಗೆ ಮೂರು ತಲೆಮಾರು. ನೂರು ಕಿಲೋ ದಾಟಿದ ಮೈ, ಗರ್ರನೆ ತಿರುಗಿ ಹಿಮ್ಮುಷ್ಟಿಯಿಂದ ಬೀಸುವ ಉರಾಕೆನ್, ಎದುರಾಳಿಯ ತಲೆಗೆ ಬಡಿಯುವ ತಗಡಿನ ಡಬ್ಬ ಇವನ್ನೆಲ್ಲ ಎಲ್ಲರೂ ನೋಡುತ್ತಾರೆ. ಆಕೆ ತನಗಿಂತ ಎಷ್ಟೋ ಹಗುರವಾದವರು ಎತ್ತಲು ಬಂದಾಗ ಸರಿಯಾದ ಗಳಿಗೆಗೆ ಮೈ ಮೇಲಕ್ಕೆ ಕೊಡುವುದನ್ನು, ಎರಡು ಸಲ ಎತ್ತಲು ಬಿಡದೆ ಮೂರನೇ ಸಲ ಬಿಡುವುದನ್ನು ನೋಡುವವರು ಕಡಿಮೆ. ಆ ಎರಡು ಸಲದಿಂದಲೇ ಮೂರನೆಯದಕ್ಕೆ ಸಭಾಂಗಣ ಎದ್ದು ನಿಲ್ಲುವುದು.

ನೋಡುವ ಕ್ರಮ ಹೀಗಿರಲಿ: ಮೊದಲು 1985ರ ಚಿಗುಸಾ–ಡಂಪ್, ಜನರ ಮುಖಕ್ಕಾಗಿ. ಆಮೇಲೆ 1990ರ ಪಂಜರ. ನಂತರ 1993ರ ಹೊಕುತೊ–ಕಂದೊರಿ. ನಾಲ್ಕನೆಯದು 1995ರ ಮೇ 7ರಂದು ತೊಯೋತಾ ಮತ್ತು ಕ್ಯೋಕೊ ಇನೊಯೆ ಅರವತ್ತು ನಿಮಿಷ ಆಡಿ ಸಮ ಮಾಡಿಕೊಂಡದ್ದು. ಇದರಲ್ಲಿ ನಲವತ್ತನೇ ನಿಮಿಷದ ನಂತರ ಬೀಳುವವರ ಗದ್ದವನ್ನೂ ಒಗೆಯುವವರ ಹಿಮ್ಮಡಿಯನ್ನೂ ಮಾತ್ರ ನೋಡಿ. ಕೊನೆಗೆ ಗಾಯಿಯಾ ಕಾಲದ ಯಾವುದಾದರೂ ಆಜಾ–ಸತೊಮುರಾ ಪಂದ್ಯ ಹುಡುಕಿ. ಪಟ್ಟಿ ತಿದ್ದಿದರೆ ಕಳಿಸಿಕೊಡಿ. ಲಯನೆಸ್ ಅಸುಕಾಗೂ ಈಗಿನ ಅಸುಕಾಗೂ ಬೇರೆ ಬೇರೆ ಸಾಲು ಇರಲಿ. ನಿಮ್ಮ ಹಾಳೆಯಲ್ಲಿ ಇಬ್ಬರ ಬೆಲ್ಟ್‌ಗಳೂ ಒಂದೇ ಸಾಲಿಗೆ ಬಿದ್ದಿವೆ, ಅಸುಕಾ ಎರಡನೇ ಸ್ಥಾನಕ್ಕೆ ಏರಿದ್ದು ಅದರಿಂದಲೇ.

— ಸಂ.