ಬೆಳ್ಳಿ ಫಿಲ್ಲಿಂಗ್ ತೆಗೆಸಲೇಬೇಕೇ?

ಪ್ರಶ್ನೆ: ನನಗೆ 42 ವರ್ಷ. ಎರಡು ದವಡೆ ಹಲ್ಲುಗಳಿಗೆ ಬಹಳ ಹಿಂದೆ ಬೆಳ್ಳಿ ಫಿಲ್ಲಿಂಗ್ ಮಾಡಿಸಿದ್ದೆ. ತೊಂದರೆ ಏನೂ ಇಲ್ಲ. ಆದರೆ ಅದರಲ್ಲಿ ಪಾದರಸವಿದೆ, ತೆಗೆಸಿಬಿಡಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಈಗ ಇನ್ನೊಂದು ದವಡೆ ಹಲ್ಲು ಹುಳುಕಾಗಿದೆ. ಆರು ವರ್ಷದ ಮಗಳ ಹಾಲುಹಲ್ಲಿನಲ್ಲೂ ಹುಳುಕಿದೆ. ಯಾವ ಫಿಲ್ಲಿಂಗ್ ಒಳ್ಳೆಯದು?
– ಓದುಗರು, ದಾವಣಗೆರೆ

ಉತ್ತರ: ಭದ್ರವಾಗಿ ಕುಳಿತಿರುವ ಹಳೆಯ ಫಿಲ್ಲಿಂಗ್‌ಗಳನ್ನು ದಯವಿಟ್ಟು ತೆಗೆಸಬೇಡಿ. ಅವುಗಳ ತೂಕದಲ್ಲಿ ಸುಮಾರು ಅರ್ಧ ಪಾದರಸವೇ, ನಿಜ. ಆದರೆ ಅದು ಬೆಳ್ಳಿ, ತವರ, ತಾಮ್ರಗಳೊಂದಿಗೆ ಬೆರೆತು ಗಟ್ಟಿಯಾಗಿದೆ. ಅದರಿಂದ ಹೊರಡುವ ಆವಿ ಅತ್ಯಲ್ಪ. ಆವಿ ಹೆಚ್ಚಾಗುವುದು ಕೊರೆದು ತೆಗೆಯುವಾಗ. ಆಗ ಹಲ್ಲಿನ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ. ಅಂಚು ಬಿರುಕು ಬಿಟ್ಟಿದ್ದರೆ ಅಥವಾ ಅಡಿಯಲ್ಲಿ ಹೊಸ ಹುಳುಕು ಕಂಡರೆ ಬದಲಿಸುವುದು ಸರಿ. ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಬೆಳ್ಳಿ ಫಿಲ್ಲಿಂಗ್‌ನ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿದೆ. ಅದಕ್ಕೆ ಮುಖ್ಯ ಕಾರಣ ನೀರು, ಗಾಳಿಗೆ ಸೇರುವ ಪಾದರಸ. ಬಾಯಲ್ಲಿ ಈಗಾಗಲೇ ಇರುವುದನ್ನು ಕೀಳಿಸಬೇಕೆಂದು ಅದರ ಅರ್ಥವಲ್ಲ.

ಹೊಸ ಹುಳುಕಿಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ಹಾಕಿಸಿಕೊಳ್ಳಿ. ರಾಳದಲ್ಲಿ ಗಾಜಿನ ನುಣುಪು ಪುಡಿ ಬೆರೆಸಿದ ವಸ್ತುವಿದು, ಹಲ್ಲಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹುಳುಕಾದಷ್ಟನ್ನೇ ತೆಗೆದರೆ ಸಾಕು. ಬೆಳ್ಳಿಗಾದರೆ ಅದು ಕಚ್ಚಿ ನಿಲ್ಲಲು ಕುಳಿಯನ್ನು ಇನ್ನಷ್ಟು ಕೊರೆಯಬೇಕು. ಕಾಂಪೊಸಿಟ್‌ಗೆ ಶತ್ರುವೆಂದರೆ ಜೊಲ್ಲು. ಹಾಕುವಾಗ ಹಲ್ಲು ತೇವವಾದರೆ ಅಂಟು ಹಿಡಿಯುವುದಿಲ್ಲ, ಅಂಚಿನಲ್ಲಿ ಸೋರಿಕೆಯಾಗಿ ಮತ್ತೆ ಹುಳುಕು ಶುರುವಾಗುತ್ತದೆ. ಗಟ್ಟಿಯಾಗುವಾಗ ಅದು ಕುಗ್ಗುವುದರಿಂದ ಸಾಮಾನ್ಯವಾಗಿ ಸುಮಾರು ಎರಡು ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸುತ್ತಾರೆ. ಇದು ಅವಸರದ ಕೆಲಸವಲ್ಲ. ಜೊಲ್ಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಮಾಡುತ್ತೀರಾ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಫಿಲ್ಲಿಂಗ್‌ನ ಬಾಳಿಕೆಗೆ ಬ್ರ್ಯಾಂಡ್‌ಗಿಂತ ಈ ಎಚ್ಚರಿಕೆ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಹುಳುಕು ಒಸಡಿನ ಕೆಳಗೆ ಇಳಿದಿದ್ದರೆ ಒಣಗಿಸಿಡುವುದು ಕಷ್ಟ, ಆಗ ಕಾಂಪೊಸಿಟ್ ಸರಿಹೊಂದದೆ ಇರಬಹುದು.

ಮಗಳಿಗೆ, ಕುಳಿ ಚಿಕ್ಕದಾಗಿದ್ದರೆ, ಗ್ಲಾಸ್ ಅಯನೊಮರ್ ಸಿಮೆಂಟ್ ಎಂಬ ಇನ್ನೊಂದು ಫಿಲ್ಲಿಂಗ್ ವಸ್ತು ಸೂಕ್ತ. ಬೇಗ ಸವೆಯುತ್ತದೆ, ಆದರೆ ತುಸು ತೇವವನ್ನು ಸಹಿಸುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಹುಳುಕು ದೊಡ್ಡದಿದ್ದರೆ ಸ್ಟೀಲ್ ಕ್ಯಾಪ್ ಹೆಚ್ಚು ಬಾಳುತ್ತದೆ. ಬಿದ್ದುಹೋಗುವ ಹಲ್ಲು ತಾನೇ ಎಂದು ಬಿಡಬೇಡಿ: ಹಿಂದಿನ ಹಾಲುಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕು. ರಾತ್ರಿ ತಾನಾಗಿಯೇ ನೋವು ಬರುತ್ತಿದ್ದರೆ ಹುಳುಕು ನರದವರೆಗೆ ತಲುಪಿರಬಹುದು. ಆಗ ಬರೀ ಫಿಲ್ಲಿಂಗ್ ಸಾಲದು, ಮೊದಲು ಎಕ್ಸ್‌ರೇ ತೆಗೆಸಿ.