ಪಾರ್ಕಿನ್ಸನ್‌ನಲ್ಲಿ ಗ್ಲುಟಮೇಟ್ ಜಾಸ್ತಿಯಾಗುತ್ತದಂತೆ, ತಂದೆಗೆ ಟೊಮೇಟೊ, ಅಜಿನೊಮೊಟೊ ಬಿಡಿಸಬೇಕೇ? ಅಮಾಂಟಡಿನ್ ಯಾಕೆ ಬರೆದಿದ್ದಾರೆ?

ಬಿಡಿಸಬೇಕಿಲ್ಲ. ಗ್ಲುಟಮೇಟ್ ಎಂದರೆ ಮಿದುಳಿನ ನರಕೋಶಗಳನ್ನು ಕೆರಳಿಸುವ ಸಂದೇಶವಾಹಕ, ಟೊಮೇಟೊ, ಅಜಿನೊಮೊಟೊದಲ್ಲೂ ಇರುವಂಥದ್ದು. ಊಟದ ಗ್ಲುಟಮೇಟ್‌ನಲ್ಲಿ ಬಹುಪಾಲನ್ನು ಕರುಳಿನ ಗೋಡೆಯೇ ಉರಿಸಿ ಬಳಸಿಕೊಳ್ಳುತ್ತದೆ. ರಕ್ತಕ್ಕೆ ಸೇರಿದ ಅಲ್ಪಸ್ವಲ್ಪವೂ ಮಿದುಳಿನೊಳಗೆ ಸುಲಭವಾಗಿ ದಾಟುವುದಿಲ್ಲ. ಮಿದುಳು ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಡಾಕ್ಟರು ಹೇಳಿದ ‘ಜಾಸ್ತಿ’ ಇಡೀ ಮಿದುಳಿಗೆ ಅನ್ವಯಿಸುವುದಿಲ್ಲ. ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಬಂದಂತೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗದ ಮೇಲಿನ ಹಿಡಿತ ಸಡಿಲವಾಗುತ್ತದೆ. ಅದು ಗ್ಲುಟಮೇಟ್ ಸುರಿಸಿ ಗ್ಲೋಬಸ್ ಪ್ಯಾಲಿಡಸ್ ಎಂಬ ಇನ್ನೊಂದು ಭಾಗದ ಒಳಬದಿಯನ್ನು ಕೆರಳಿಸುತ್ತದೆ. ಆ ಭಾಗವು ಚಲನೆಯ ಸಂದೇಶ ದಾಟಿಸುವ ಥಲಾಮಸ್ಸನ್ನು ಅದುಮಿ ಹಿಡಿಯುತ್ತದೆ, ನಡಿಗೆ ನಿಧಾನವಾಗುತ್ತದೆ. 1990ರಲ್ಲಿ ಬರ್ಗ್‌ಮನ್, ವಿಕ್‌ಮನ್, ಡಿಲಾಂಗ್ ಎಂಬ ಸಂಶೋಧಕರು ಎಂಪಿಟಿಪಿ ಎಂಬ ನರವಿಷ ಕೊಟ್ಟು ಪಾರ್ಕಿನ್ಸನ್ ಲಕ್ಷಣ ಬರಿಸಿದ ಮಂಗಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸನ್ನು ನಾಶ ಮಾಡಿದಾಗ ಚಲನೆ ಮರಳಿತು. ಇಂದು ಡಿಬಿಎಸ್ (ಮಿದುಳಿನ ಆಳಕ್ಕೆ ವಿದ್ಯುತ್ ಪ್ರಚೋದನೆ ಕೊಡುವ) ಆಪರೇಷನ್‌ನಲ್ಲಿ ಎಲೆಕ್ಟ್ರೋಡ್ ಕೂರಿಸುವುದು ಹೆಚ್ಚಾಗಿ ಇಲ್ಲಿಗೇ.

ಅಮಾಂಟಡಿನ್‌ನ ಕಾರಣ ಬೇರೆ. ವರ್ಷಗಟ್ಟಲೆ ಲೆವೊಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಔಷಧಿ) ಏರಿಳಿಯುತ್ತಾ ಸಿಕ್ಕಾಗ ಸ್ಟ್ರಯೇಟಮ್ ಎಂಬ ಮಿದುಳಿನ ಭಾಗದಲ್ಲಿ ಗ್ಲುಟಮೇಟ್ ಹಿಡಿಯುವ ಎನ್‌ಎಂಡಿಎ ಗ್ರಾಹಕಗಳು ಅತಿಯಾಗಿ ಸ್ಪಂದಿಸತೊಡಗುತ್ತವೆ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಕತ್ತು, ಭುಜ ತಾವಾಗಿಯೇ ತಿರುಚಿಕೊಳ್ಳುವುದು, ಅಂದರೆ ಡಿಸ್ಕಿನೇಶಿಯಾ, ಇದರ ಒಂದು ಫಲ. ಅಮಾಂಟಡಿನ್ ಆ ಗ್ರಾಹಕವನ್ನು ಮೆಲ್ಲಗೆ ತಡೆಯುತ್ತದೆ. ಬಲವಾಗಿ ತಡೆಯುವ ಔಷಧಿ ಕೊಟ್ಟರೆ ನೆನಪು, ಎಚ್ಚರ ಎರಡೂ ಕೆಡುತ್ತವೆ, ಏಕೆಂದರೆ ಅವುಗಳಿಗೂ ಇದೇ ಗ್ರಾಹಕ ಬೇಕು. ಈ ಮೆದುತನವೇ ಅದರ ಗುಣ ಎಂದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ಬೆಳಿಗ್ಗೆ 100 ಮಿಲಿಗ್ರಾಂನಿಂದ ಶುರು, ಆಮೇಲೆ ಮಧ್ಯಾಹ್ನ ಇನ್ನೊಂದು 100. ಎರಡನೆಯದನ್ನು ಸಂಜೆಗೆ ತಳ್ಳಿದರೆ ರಾತ್ರಿ ನಿದ್ದೆ ಹೋಗುತ್ತದೆ. ಇದು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಹೆಚ್ಚಿದ್ದರೆ ಡೋಸ್ ಇಳಿಸಬೇಕು. ಆ ರಿಪೋರ್ಟ್ ತಪ್ಪದೆ ತೋರಿಸಿ. ಕಾಲಿನ ಮೇಲೆ ಬಲೆಯಂಥ ನೇರಳೆ ಗೆರೆ, ಪಾದದ ಊತ ಕಂಡರೆ ಮುಂದಿನ ಭೇಟಿಯಲ್ಲಿ ಹೇಳಿ. ಇಲ್ಲದ ಜನರು ಕಾಣಿಸುತ್ತಿದ್ದಾರೆ ಎಂದರೆ ಅಂದೇ ಫೋನ್ ಮಾಡಿ. ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ, ಬಿಗಿತ ಮತ್ತು ಗೊಂದಲ ತೀವ್ರವಾಗಬಹುದು.

ಊಟದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಪ್ರೋಟೀನ್. ಬೇಳೆ, ಮೊಸರು, ಮೊಟ್ಟೆಯ ಅಮೈನೊ ಆಮ್ಲಗಳು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾದ ದಾರಿಗೆ ಅಡ್ಡ ಬರುತ್ತವೆ. ಲೆವೊಡೋಪಾ ಇರುವ ಸಿಂಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ವಾಕರಿಕೆ ಬಂದರೆ ಜೊತೆಗೆ ಒಂದೆರಡು ಮಾರಿ ಬಿಸ್ಕತ್ತು ಸಾಕು, ಹಾಲು ಬೇಡ.