ಐದು ವಾರ ತೆರೆಯದೆ ಇಟ್ಟ ಪತ್ರ

ಆಪ್ತಸಮಾಲೋಚನೆಗೆ ಅವರು ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ವೈದ್ಯೆ, ವಯಸ್ಸು ಮೂವತ್ತರ ಆಸುಪಾಸು. ಹಗಲೆಲ್ಲ ವಾರ್ಡಿನ ಕೆಲಸ ಸರಾಗವಾಗಿ ನಡೆಯುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. "ರಿಸರ್ಚು ನನ್ನಂಥವಳಿಗಲ್ಲ ಮೇಡಂ, ಬಿಟ್ಟುಬಿಡೋಣ ಅಂದ್ಕೊಂಡಿದೀನಿ" ಎಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ, ಅಧ್ಯಯನದ ವಿಷಯ, ಸಂಖ್ಯೆ ಎಲ್ಲವನ್ನೂ ಬದಲಿಸಿದ್ದೇನೆ.

ಮೊದಲು ಕೇಳಬೇಕಾದ್ದನ್ನು ಕೇಳಿದೆ. ಊಟ ಸೇರುತ್ತಿದೆಯಾ, ಬದುಕೇ ಬೇಡ ಅನ್ನಿಸಿದ್ದಿದೆಯಾ, ನಿದ್ದೆಗೆ ಮಾತ್ರೆ ತಗೊಳ್ತಿದ್ದೀರಾ. ವೈದ್ಯರು ತಮಗೆ ತಾವೇ ಮಾತ್ರೆ ಬರೆದುಕೊಳ್ಳುವುದನ್ನು ನಾನು ಸಾಕಷ್ಟು ನೋಡಿದ್ದೇನೆ, ಹಾಗಾಗಿ ಈ ಪ್ರಶ್ನೆ ಬಿಡುವುದಿಲ್ಲ. ಅಂಥದ್ದೇನೂ ಇರಲಿಲ್ಲ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡಬೇಕು ಅಂತ ಇಬ್ಬರೂ ಒಪ್ಪಿಕೊಂಡೆವು. ಆಮೇಲೆ ಕೇಳಿದೆ, "ಇದು ಯಾವತ್ತಿನಿಂದ?"

ದಿನಾಂಕವನ್ನೇ ಹೇಳಿದರು. ಜರ್ನಲ್‌ನಿಂದ ಇಮೇಲ್ ಬಂದ ದಿನ ಅದು. ಆವತ್ತಿಗೆ 38 ದಿನ ಆಗಿತ್ತು.

ಆಸ್ಪತ್ರೆಗೆ ದಾಖಲಾದ ಹಿರಿಯರಲ್ಲಿ ರಕ್ತದ ಸೋಡಿಯಂ ಕಡಿಮೆಯಾಗುವ ಬಗ್ಗೆ ಅವರ ಪೇಪರ್. 214 ರೋಗಿಗಳ ಹಳೆಯ ಕೇಸ್ ಶೀಟುಗಳನ್ನು ಡ್ಯೂಟಿ ಮುಗಿದ ಮೇಲೆ ರೆಕಾರ್ಡ್ ರೂಮಿನಲ್ಲಿ ಕೂತು ಒಂದೊಂದಾಗಿ ಓದಿ ಅಂಕಿ ತೆಗೆದಿದ್ದರು. ಎರಡು ವರ್ಷದ ದುಡಿಮೆ. ಇಮೇಲ್ ಬಂದಾಗ ವಾರ್ಡಿನ ಮೆಟ್ಟಿಲ ಮೇಲೆ ನಿಂತು ಮೊದಲ ಸಾಲು ಓದಿದರಂತೆ: ಈಗಿರುವ ರೂಪದಲ್ಲಿ ನಿಮ್ಮ ಲೇಖನವನ್ನು ಒಪ್ಪಲು ಆಗುವುದಿಲ್ಲ. ಬೆರಳು ಜಾರಿಸಿದಾಗ ಕೆಳಗೆಲ್ಲೋ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ಲೇಖಕರಿಗೆ ಸಂಖ್ಯಾಶಾಸ್ತ್ರದ ಮೊದಲ ಪಾಠವೂ ತಿಳಿದಂತಿಲ್ಲ. ಫೋನ್ ಜೇಬಿಗೆ ಹಾಕಿದರು. ಆಮೇಲೆ ಆ ಪತ್ರ ತೆರೆಯಲೇ ಇಲ್ಲ.

"ಪೂರ್ತಿ ಓದಿಲ್ವಾ?"

"ಓದೋಕೆ ಇನ್ನೇನಿದೆ ಮೇಡಂ, ರಿಜೆಕ್ಟ್ ಅಂತ ಗೊತ್ತಾಯ್ತಲ್ಲ."

ಇದು ಸೋಮಾರಿತನ ಅಲ್ಲ. ಪತ್ರ ತೆರೆಯಬೇಕು ಅಂದುಕೊಂಡಾಗ ಎದೆ ಹಿಡಿದ ಹಾಗಾಗುತ್ತದೆ. "ನಾಳೆ ನೋಡೋಣ" ಅಂದ ತಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಮನಸ್ಸಿಗೆ ರುಚಿ ಹತ್ತಿಸುತ್ತದೆ, ಮಾರನೇ ದಿನ ಮುಂದೂಡುವುದು ಇನ್ನೂ ಸುಲಭ. ಹೀಗೆ ದಿನ ಕಳೆದಷ್ಟೂ ಪತ್ರ ದೊಡ್ಡದಾಗುತ್ತಾ ಹೋಗುತ್ತದೆ, ಅದರಲ್ಲಿ ಇಲ್ಲದ ಮಾತನ್ನೂ ಮನಸ್ಸು ತಾನೇ ಸೇರಿಸಿ ಓದಿಕೊಳ್ಳುತ್ತದೆ. ಅವರಿಗೆ ಇದನ್ನು ಹೀಗೇ ವಿವರಿಸಿದೆ. ಆಮೇಲೆ, ನನ್ನ ಮುಂದೆಯೇ ತೆರೆಯೋಣವಾ ಎಂದು ಕೇಳಿದೆ. ಅವರು ಓದುವುದು ಬೇಡ, ನಾನು ಗಟ್ಟಿಯಾಗಿ ಓದುತ್ತೇನೆ, ನಿಲ್ಲಿಸಿ ಅಂದರೆ ನಿಲ್ಲಿಸುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನು ನನ್ನ ಕಡೆ ತಳ್ಳಿದರು.

ಮೂರನೇ ಪ್ಯಾರಾದಲ್ಲಿ ಎಡಿಟರ್ ಬರೆದಿದ್ದರು: ವಿಷಯ ಮುಖ್ಯವಾದದ್ದು. ಇಬ್ಬರು ರಿವ್ಯೂವರ್‌ಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು ತಿದ್ದಿ ಕಳಿಸಿದರೆ ಮತ್ತೆ ಪರಿಶೀಲಿಸುತ್ತೇವೆ. ಗಡುವು 60 ದಿನ.

ಅಂದರೆ ಇದು ಮೇಜರ್ ರಿವಿಷನ್, ದೊಡ್ಡ ತಿದ್ದುಪಡಿ ಮಾಡಿ ಕಳಿಸಿ ಅಂತ. ರಿಜೆಕ್ಷನ್ ಅಲ್ಲವೇ ಅಲ್ಲ. ಹೊಸಬರು ಇದನ್ನು ತಿಳಿದಿರಬೇಕು. ಜರ್ನಲ್‌ಗಳು ಮೊದಲ ಸುತ್ತಿನಲ್ಲಿ ಹಾಗೇ ಒಪ್ಪಿಕೊಳ್ಳುವುದು ತೀರಾ ಅಪರೂಪ. ಬಹಳಷ್ಟು ಪೇಪರ್‌ಗಳು ರಿವ್ಯೂವರ್ ಕೈಗೆ ಹೋಗದೆ ಎಡಿಟರ್ ಮೇಜಿನಿಂದಲೇ ವಾಪಸ್ ಬರುತ್ತವೆ. ಇಬ್ಬರು ತಜ್ಞರು ಬಿಡುವು ಮಾಡಿಕೊಂಡು, ಸಾಮಾನ್ಯವಾಗಿ ಒಂದು ಪೈಸೆಯನ್ನೂ ತಗೊಳ್ಳದೆ ಓದಿ ಐದು ಪುಟ ಬರೆದಿದ್ದಾರೆ ಅಂದರೆ ಪೇಪರ್ ಒಳಗೆ ಬಂದಿದೆ ಅಂತಲೇ ಅರ್ಥ. ಆದರೆ ಎಡಿಟರ್‌ಗಳ ಪತ್ರದ ಭಾಷೆ ಎಷ್ಟೋ ಸಲ ಹೀಗಿರುತ್ತದೆ: "ಒಪ್ಪಲು ಆಗುವುದಿಲ್ಲ" ಮೊದಲು, "ತಿದ್ದಿ ಕಳಿಸಿ" ಕೊನೆಗೆ.

ನಾನು ಓದುವುದು ನಿಲ್ಲಿಸಿದಾಗ ಅವರು ಕೇಳಿದ್ದು ಒಂದೇ, "38 ದಿನ ಹಾಳು ಮಾಡಿದ್ನಾ?" 22 ದಿನ ಇದೆ ಎಂದೆ. ಜೊತೆಗೆ, ಗಡುವು ಮುಗಿಯುವ ಮೊದಲೇ ಕೇಳಿಕೊಂಡರೆ ಸಾಮಾನ್ಯವಾಗಿ ಸಮಯ ಸಿಗುತ್ತದೆ ಎಂದೂ ಹೇಳಿದೆ. ಅವರು ನಂಬಲಿಲ್ಲ. ಅಲ್ಲೇ ಕೂತು ಮೂರು ಸಾಲಿನ ಇಮೇಲ್ ಬರೆಸಿದೆ. ಲೇಖನದ ಸಂಖ್ಯೆ, ತಿದ್ದುತ್ತಿದ್ದೇವೆ ಎನ್ನುವ ಮಾತು, ಇಂಥ ದಿನದವರೆಗೆ ಸಮಯ ಬೇಕು ಎನ್ನುವ ಕೋರಿಕೆ. ಕಾರಣಗಳ ಪಟ್ಟಿ ಬೇಡ, ಕ್ಷಮೆಯ ಮೇಲೆ ಕ್ಷಮೆ ಬೇಡ. ಎರಡು ದಿನದಲ್ಲಿ ಮೂರು ವಾರ ಹೆಚ್ಚಿಗೆ ಸಿಕ್ಕಿತು.

ಮುಂದಿನ ಸಲ ಪತ್ರವನ್ನು ಪ್ರಿಂಟ್ ಮಾಡಿ ತರಲು ಹೇಳಿದ್ದೆ. ತಂದಿದ್ದರು. ಕತ್ತರಿ ಕೊಟ್ಟೆ. ಒಂದೊಂದು ಪ್ರಶ್ನೆಯನ್ನು ಕತ್ತರಿಸಿ ಮೇಜಿನ ಮೇಲೆ ಇಡುತ್ತಾ ಹೋದರು. 17 ಚೀಟಿ ಆಯಿತು. ಬರವಣಿಗೆ ತಿದ್ದಿದರೆ ಸಾಕು ಅನ್ನುವಂಥವು 9. ಅಂಕಿಯನ್ನು ಬಿಡಿಸಿ ಹೇಳಬೇಕಾದವು 5. ಹೊಸದಾಗಿ ಲೆಕ್ಕ ಹಾಕಬೇಕಾದವು 2. ಒಪ್ಪಲಾಗದ್ದು 1. "ಇಷ್ಟೇನಾ?" ಎಂದು ಚೀಟಿಗಳನ್ನು ಮತ್ತೊಮ್ಮೆ ಎಣಿಸಿದರು.

ಆ ಕಟುವಾದ ಸಾಲು ಎರಡನೇ ಗುಂಪಿನಲ್ಲಿತ್ತು. ಅದನ್ನು ಅವರು ಮುಟ್ಟಲಿಲ್ಲ, ಪೆನ್ನಿನ ತುದಿಯಿಂದ ಪಕ್ಕಕ್ಕೆ ಸರಿಸಿದರು. ನಾನು ಎತ್ತಿಕೊಂಡು, ಮೊದಲ ವಾಕ್ಯವನ್ನು ಮಡಚಿ, ಉಳಿದದ್ದನ್ನು ಮಾತ್ರ ತೋರಿಸಿದೆ. ಅಲ್ಲಿದ್ದದ್ದು ಇಷ್ಟು: ಒಂದನೇ ಕೋಷ್ಟಕದಲ್ಲಿ 214 ರೋಗಿಗಳಿದ್ದಾರೆ, ಮೂರನೇ ಕೋಷ್ಟಕದಲ್ಲಿ 198. ಉಳಿದ 16 ಜನ ಎಲ್ಲಿ?

ಅವರು ತಕ್ಷಣ ಹೇಳಿದರು, "11 ಜನ ಬೇರೆ ಆಸ್ಪತ್ರೆಗೆ ಹೋದ್ರು, 5 ಶೀಟಲ್ಲಿ ಎರಡನೇ ಸಲದ ಸೋಡಿಯಂ ರಿಪೋರ್ಟೇ ಇರ್ಲಿಲ್ಲ."

"ಇದನ್ನ ಪೇಪರ್‌ನಲ್ಲಿ ಬರೆದಿದ್ದೀರಾ?"

ಇರಲಿಲ್ಲ. ಅವರಿಗೆ ಆ 16 ಜನರ ಬಗ್ಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂದರೆ, ಓದುವವರಿಗೆ ಗೊತ್ತಿರುವುದಿಲ್ಲ ಅನ್ನುವುದೇ ಹೊಳೆದಿರಲಿಲ್ಲ. ರಿವ್ಯೂವರ್ ಬರೆದ ರೀತಿ ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಹೊಸಬರ ಕೆಲಸ ಓದುವವರು ಕೆಲಸದ ಬಗ್ಗೆ ಬರೆಯಬೇಕೇ ಹೊರತು ಬರೆದವರ ಬಗ್ಗೆ ಅಲ್ಲ. ಆದರೆ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕು ಅಂತ ಸ್ಟ್ರೋಬ್ ಎನ್ನುವ 22 ಅಂಶಗಳ ಪಟ್ಟಿ 2007ರಿಂದ ಇದೆ. ಪ್ರತಿ ಹಂತದಲ್ಲಿ ಎಷ್ಟು ಜನ ಇದ್ದರು, ಯಾಕೆ ಬಿಟ್ಟುಹೋದರು ಅಂತ ಬರೆಯಿರಿ, ಸಾಧ್ಯವಾದರೆ ಚಿತ್ರ ಮಾಡಿ ತೋರಿಸಿ ಅಂತ ಅದರಲ್ಲೇ ಇದೆ. ಬಿಟ್ಟುಹೋದವರೆಲ್ಲ ಜಾಸ್ತಿ ಕಾಯಿಲೆಯವರೇ ಆಗಿದ್ದರೆ ಇಡೀ ಫಲಿತಾಂಶವೇ ಬೇರೆಯಾಗಬಹುದು ಅಲ್ವಾ? ಹಾಗಾಗಿ ಕಳಿಸುವ ಮೊದಲೇ ಆ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಬರೆಯುವುದು ಒಳ್ಳೆಯದು. ಚಿಕಿತ್ಸಾ ಪ್ರಯೋಗಗಳಿಗೆ ಕನ್ಸಾರ್ಟ್, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸುವ ಲೇಖನಗಳಿಗೆ ಪ್ರಿಸ್ಮಾ ಇದೆ.

ಮನೆಕೆಲಸ ಹೀಗೆ ಕೊಟ್ಟೆ. ದಿನಕ್ಕೆ ಎರಡೇ ಚೀಟಿ. 25 ನಿಮಿಷ ಕೂತು ಎದ್ದುಬಿಡಿ. ಸುಲಭವಾದ 9 ಮೊದಲು. ಉತ್ತರದ ಪತ್ರದಲ್ಲಿ ರಿವ್ಯೂವರ್ ಬರೆದ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಹಾಕಿ, ಕೆಳಗೆ ನಿಮ್ಮ ಉತ್ತರ, ಅದರ ಕೆಳಗೆ ಏನು ಬದಲಾಯಿತು, ಯಾವ ಪುಟ, ಯಾವ ಸಾಲು. ಹುಡುಕುವ ಕೆಲಸವನ್ನು ಅವರಿಗೆ ಬಿಡಬೇಡಿ. ಕೋಪ ಬಂದ ಉತ್ತರವನ್ನೂ ಬರೆಯಿರಿ, ಆದರೆ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಿ.

ಒಪ್ಪಲಾಗದ ಆ ಒಂದು ಪ್ರಶ್ನೆಯ ಮೇಲೆ ಮಾತು ಬಹಳ ಹೊತ್ತು ನಡೆಯಿತು. ರೋಗಿಗಳು ಒಂದು ವರ್ಷದ ನಂತರ ಹೇಗಿದ್ದಾರೆ ಅಂತಲೂ ಸೇರಿಸಿ ಎಂದು ಒಬ್ಬ ರಿವ್ಯೂವರ್ ಕೇಳಿದ್ದರು. ಎಥಿಕ್ಸ್ ಕಮಿಟಿ ಅನುಮತಿ ಕೊಟ್ಟಿದ್ದು ಡಿಸ್ಚಾರ್ಜ್‌ವರೆಗಿನ ದಾಖಲೆ ನೋಡಲು ಮಾತ್ರ. "ಫೋನ್ ನಂಬರ್ ಇವೆ, ಸುಮ್ನೆ ಕಾಲ್ ಮಾಡಿ ಕೇಳಿಬಿಡ್ಲಾ?" ಎಂದರು. ಖಂಡಿತ ಬೇಡ ಎಂದೆ. ಅನುಮತಿ ಇಲ್ಲದೆ ಒಂದು ಕರೆ ಮಾಡಿದರೂ ತಪ್ಪು ತಪ್ಪೇ. ರಿವ್ಯೂವರ್ ಹೇಳಿದ್ದನ್ನೆಲ್ಲ ಮಾಡಲೇಬೇಕು ಅಂತ ಎಲ್ಲೂ ಇಲ್ಲ. ಕಾರಣ ಕೊಟ್ಟು ಆಗುವುದಿಲ್ಲ ಅನ್ನಬಹುದು, ಅದನ್ನೇ ಅಧ್ಯಯನದ ಮಿತಿ ಅಂತ ಲೇಖನದಲ್ಲೂ ಬರೆಯಬಹುದು.

ಆಗ ಅವರಿಗೆ ಅಮೆರಿಕದ ವಿಜ್ಞಾನಿ ರೊಸಾಲಿನ್ ಯಾಲೊ ಅವರ ಕಥೆ ಹೇಳಿದೆ. ಇನ್ಸುಲಿನ್ ತಗೊಳ್ಳುವವರ ದೇಹದಲ್ಲಿ ಅದಕ್ಕೆ ಪ್ರತಿಕಾಯ (ಆ್ಯಂಟಿಬಾಡಿ) ಹುಟ್ಟುತ್ತದೆ ಅಂತ ಅವರೂ ಸಹೋದ್ಯೋಗಿ ಸಾಲೊಮನ್ ಬರ್ಸನ್ ಅವರೂ ಬರೆದ ಪೇಪರ್ 1955ರಲ್ಲಿ ತಿರಸ್ಕಾರ ಕಂಡಿತ್ತು. ಕೊನೆಗೆ ಶೀರ್ಷಿಕೆಯಲ್ಲಿ ಪ್ರತಿಕಾಯ ಅನ್ನುವ ಪದ ಬಿಟ್ಟರು, ಅಂಕಿ ಅಂಶ ಬಿಡಲಿಲ್ಲ. 1956ರಲ್ಲಿ ಪ್ರಕಟವಾಯಿತು. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂದಾಗ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಆ ತಿರಸ್ಕಾರದ ಪತ್ರವನ್ನೇ ತೋರಿಸಿದರು. 22 ವರ್ಷ ಆ ಹಾಳೆ ಜೋಪಾನವಾಗಿತ್ತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಅವರು ಆರಿಸಿದ ರೀತಿ ನನಗೆ ಆ ಪತ್ರಕ್ಕಿಂತ ಹೆಚ್ಚು ಇಷ್ಟ.

ಮೂರನೇ ಸಲ ಬಂದಾಗ ನಿದ್ದೆ ಸುಮಾರಾಗಿ ಬರುತ್ತಿತ್ತು, ಆದರೆ ಮುಖ ಬಾಡಿತ್ತು. ವಿಭಾಗದ ಮುಖ್ಯಸ್ಥರು ಇನ್ನೊಬ್ಬರ ಹೆಸರನ್ನು ಲೇಖಕರ ಸಾಲಿಗೆ ಸೇರಿಸಿ ಅಂದಿದ್ದರು. ಆ ಇನ್ನೊಬ್ಬರು ಒಂದು ಕೇಸ್ ಶೀಟನ್ನೂ ಮುಟ್ಟಿರಲಿಲ್ಲ. ಬಡ್ತಿಗೆ ಪೇಪರ್ ಬೇಕಿತ್ತು, ಅಷ್ಟೇ. "ಬೇಡ ಅಂದ್ರೆ ನನ್ನ ಗತಿ ಏನು ಮೇಡಂ?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ರಜೆ, ಡ್ಯೂಟಿ, ಶಿಫಾರಸು ಪತ್ರ ಎಲ್ಲ ಒಬ್ಬರ ಕೈಯಲ್ಲಿರುವಾಗ, "ಧೈರ್ಯವಾಗಿ ಎದುರಿಸಿ" ಅನ್ನುವುದು ಸಲಹೆಯೇ ಅಲ್ಲ. ಆದರೆ ಈ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಕೆಲವು ಸಂಪಾದಕರ ಗುಂಪು ಮುಂದೆ ಐಸಿಎಂಜೆಇ, ಅಂದರೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಆಯಿತು. ಲೇಖಕ ಅನ್ನಿಸಿಕೊಳ್ಳಲು ಅದು ನಾಲ್ಕು ಷರತ್ತು ಹಾಕುತ್ತದೆ. ಅಧ್ಯಯನದ ಯೋಜನೆಯಲ್ಲೋ ಅಂಕಿ ಕಲೆಹಾಕುವುದರಲ್ಲೋ ವಿಶ್ಲೇಷಣೆಯಲ್ಲೋ ಗಣನೀಯ ಪಾಲಿರಬೇಕು. ಲೇಖನ ಬರೆದಿರಬೇಕು ಇಲ್ಲವೇ ಅದರ ವಿಚಾರವನ್ನು ಗಂಭೀರವಾಗಿ ತಿದ್ದಿರಬೇಕು. ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಪ್ರಶ್ನೆ ಎದ್ದರೆ ಉತ್ತರಿಸುವ ಹೊಣೆ ಹೊರಬೇಕು. ನಾಲ್ಕೂ ಬೇಕು, ಒಂದೆರಡು ಸಾಲದು. ಅಷ್ಟಿಲ್ಲದೆ ನೆರವಾದವರಿಗೆ ಕೃತಜ್ಞತೆಯ ಜಾಗ ಇದೆ. ಜೊತೆಗೆ, ಕಳಿಸಿದ ಮೇಲೆ ಲೇಖಕರ ಪಟ್ಟಿ ಬದಲಿಸಬೇಕಾದರೆ ಎಡಿಟರ್‌ಗೆ ಕಾರಣ ಕೊಡಬೇಕು, ಎಲ್ಲ ಲೇಖಕರೂ ಸಹಿ ಹಾಕಬೇಕು.

ಹಾಗಾಗಿ ಜಗಳವನ್ನು ಅವರ ತಲೆಯಿಂದ ಇಳಿಸಿ ಜರ್ನಲ್‌ನ ಫಾರ್ಮಿನ ಮೇಲೆ ಇಡೋಣ ಅಂದೆ. ಒಂದು ಮಾತನ್ನು ಆರೇಳು ಸಲ ಹೇಳಿಸಿ ಅಭ್ಯಾಸ ಮಾಡಿಸಿದೆ. ನಾನು ಮುಖ್ಯಸ್ಥರ ಪಾತ್ರ ಹಾಕಿದೆ. "ಸರ್, ಹೊಸ ಹೆಸರು ಸೇರಿಸಿದ್ರೆ ಅವರ ಪಾಲು ಏನು ಅಂತ ಬರೆದುಕೊಡಿ ಅಂತ ಜರ್ನಲ್‌ನವರು ಕೇಳ್ತಾರೆ. ಏನಂತ ಬರೀಲಿ, ನೀವೇ ಹೇಳಿ ಸರ್." ಮೊದಲ ಮೂರು ಸಲ ದನಿ ನಡುಗಿತು. ನಾಲ್ಕನೇ ಸಲ ಫಾರ್ಮನ್ನು ಕೈಯಲ್ಲಿ ಹಿಡಿದು ಹೇಳಿದರು, ನಡುಗಲಿಲ್ಲ. ನಿಜವಾಗಿ ಹೋದಾಗ ಮುಖ್ಯಸ್ಥರು ಫಾರ್ಮ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೃತಜ್ಞತೆಯಲ್ಲಿ ಹಾಕಿ" ಎಂದರಂತೆ. ಬರೀ ಮರ್ಯಾದೆಗೆ ಅಲ್ಲೂ ಹೆಸರು ಬರಬಾರದು, ಏನು ನೆರವು ಅಂತ ಹೇಳಬೇಕು, ಅವರ ಲಿಖಿತ ಒಪ್ಪಿಗೆಯೂ ಇರಬೇಕು ಎಂದೆ. ಆ ವ್ಯಕ್ತಿ ಎಥಿಕ್ಸ್ ಕಮಿಟಿಯ ಅರ್ಜಿಯ ಕಾಗದಪತ್ರ ಓಡಾಡಿಸಿದ್ದು ನಿಜವಾಗಿತ್ತು. ಅಷ್ಟನ್ನೇ ಬರೆದರು. ಎಲ್ಲರಿಗೂ ಹೀಗೆ ಸುಸೂತ್ರ ಆಗುವುದಿಲ್ಲ. ಆಗದಿದ್ದರೆ ಯಾರು ಯಾವಾಗ ಏನು ಮಾಡಿದರು ಅಂತ ದಿನಾಂಕ ಸಮೇತ ಬರೆದಿಟ್ಟುಕೊಂಡು, ಸಂಸ್ಥೆಯ ಸಂಶೋಧನಾ ಸಮಿತಿಗೆ ಹೋಗುವ ದಾರಿಯನ್ನೂ ಮಾತಾಡಿದ್ದೆವು. ನಿಜಕ್ಕೂ ಇದು ಅಧ್ಯಯನ ಶುರುವಾದ ವಾರವೇ ಕೂತು, ಹೆಸರು ಮತ್ತು ಕ್ರಮ ಬರೆದಿಟ್ಟುಕೊಳ್ಳಬೇಕಾದ ವಿಷಯ.

ಇನ್ನೆರಡು ಸಣ್ಣ ಮಾತು. ಈ ಐದು ವಾರದಲ್ಲಿ ಸ್ನೇಹಿತರೊಬ್ಬರು "ಇನ್ನೊಂದು ಜರ್ನಲ್‌ಗೂ ಹಾಕಿಬಿಡು" ಅಂದಿದ್ದರು. ಒಂದೇ ಪೇಪರ್ ಏಕಕಾಲಕ್ಕೆ ಎರಡು ಕಡೆ ಇರಬಾರದು. ಎರಡೂ ಕಡೆ ಅಚ್ಚಾದರೆ ಅದೇ 214 ರೋಗಿಗಳನ್ನು ಮುಂದೆ ಯಾರೋ 428 ಅಂತ ಎಣಿಸುತ್ತಾರೆ. ಬೇರೆ ಕಡೆ ಹೋಗಲೇಬೇಕು ಅಂದರೆ ಮೊದಲನೆಯದರಿಂದ ಲಿಖಿತವಾಗಿ ವಾಪಸ್ ಪಡೆದು, ಅವರು ಒಪ್ಪಿದ ಪತ್ರ ಬಂದ ಮೇಲೆ ಕಳಿಸಬೇಕು. ಇನ್ನೊಂದು, ಮೂರೇ ದಿನದಲ್ಲಿ ಒಪ್ಪಿಗೆ, ದುಡ್ಡು ಕಟ್ಟಿ ಅನ್ನುವ ಹೊಗಳಿಕೆಯ ಇಮೇಲ್‌ಗಳು. ಮನಸ್ಸು ಸೋತಾಗ ಅವು ತುಂಬಾ ಸಿಹಿಯಾಗಿ ಕಾಣುತ್ತವೆ. ಅಂಥ ಒಂದಕ್ಕೆ ಇವರು ಉತ್ತರ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದರು. ಜರ್ನಲ್ ನಂಬಿಕೆಗೆ ಅರ್ಹವೇ ಅಂತ ನೋಡಲು ಇರುವ ಥಿಂಕ್ ಚೆಕ್ ಸಬ್ಮಿಟ್ ಎನ್ನುವ ಪ್ರಶ್ನಾವಳಿ ಇಟ್ಟುಕೊಂಡು ಆ ಜರ್ನಲ್ ಪರೀಕ್ಷಿಸಿದರು. ಹತ್ತು ನಿಮಿಷದಲ್ಲಿ ಡ್ರಾಫ್ಟ್ ಅಳಿಸಿದರು.

ತಿದ್ದಿದ ಪ್ರತಿ ಹೊಸ ಗಡುವಿಗೆ ನಾಲ್ಕು ದಿನ ಮೊದಲೇ ಹೋಯಿತು. ಮನೋವೈದ್ಯರ ಅಗತ್ಯ ಬೀಳಲಿಲ್ಲ. ಜರ್ನಲ್‌ನ ಪತ್ರ ಬಂದರೆ ಅದೇ ದಿನ, ಕೂತಲ್ಲಿ, ಸಹೋದ್ಯೋಗಿಯ ಜೊತೆ ತೆರೆಯಬೇಕು ಅನ್ನುವುದು ನಮ್ಮ ಕೊನೆಯ ಒಪ್ಪಂದವಾಗಿತ್ತು.

ಏಳು ವಾರದ ನಂತರ ಒಂದು ಸಂಜೆ ಮೆಸೇಜ್ ಬಂತು. ಜೊತೆಗೆ ಫೋಟೋ ಇತ್ತು: ಮೇಜಿನ ಮೇಲೆ ಕತ್ತರಿಸಿಟ್ಟ ನಾಲ್ಕು ಚೀಟಿ. "ಮೈನರ್ ರಿವಿಷನ್ ಮೇಡಂ. ಮೂರು ಸುಲಭ ಇವೆ. ನಾಲ್ಕನೇದು ನೀವೇ ಓದಿ, ಎರಡನೇ ರಿವ್ಯೂವರ್ ಬರೆದಿದ್ದು."

ಚಿತ್ರ 1ರಲ್ಲಿ 16 ಜನರ ಲೆಕ್ಕ ಈಗ ಸ್ಪಷ್ಟವಾಗಿದೆ, ಅಕ್ಷರ ಮಾತ್ರ ಸ್ವಲ್ಪ ದೊಡ್ಡದು ಮಾಡಿ ಅಂತ ಇತ್ತು.